ಕನ್ನಡಿ ನೋಡಿ ಬರೆದ ನಕ್ಷತ್ರ

ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರನ್ನು ಇಪ್ಪತ್ತು ವರ್ಷಗಳ ನಂತರ ಮಾತಾಡಿಸಿದರೆ ವ್ಯಾಖ್ಯೆಗಳೆಲ್ಲ ಮರೆತಿರುತ್ತವೆ. ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದದ್ದು ಲೈಪ್‌ಜಿಗ್‌ನಲ್ಲೋ ಬರ್ಲಿನ್‌ನಲ್ಲೋ ಎಂದು ತಡವರಿಸುತ್ತಾರೆ. ಆದರೆ ಕನ್ನಡಿ ಚಿತ್ರಣದ ಪ್ರಾಯೋಗಿಕವನ್ನು ಮರೆತವರು ಅಪರೂಪ. ಮೇಜಿನ ಮೇಲೆ ಒಂದು ನಕ್ಷತ್ರದ ಚಿತ್ರ, ಕೈ ನೇರವಾಗಿ ಕಾಣದಂತೆ ಅಡ್ಡಕ್ಕೊಂದು ಮರೆ, ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲ್ ಎಳೆಯಬೇಕು. ಮೇಲೆ ಹೋಗು ಎಂದರೆ ಕೈ ಕೆಳಗಿಳಿಯುತ್ತದೆ, ಮೂಲೆಗೆ ಬಂದಲ್ಲಿ ಹಟ ಹಿಡಿದು ನಿಂತುಬಿಡುತ್ತದೆ. ಸುತ್ತ ನಿಂತವರು ನಗುತ್ತಾರೆ. ಒಬ್ಬರು ಗಡಿಯಾರ ಹಿಡಿದು ಸೆಕೆಂಡು ಎಣಿಸುತ್ತಾರೆ, ಇನ್ನೊಬ್ಬರು ತಪ್ಪು ಎಣಿಸುತ್ತಾರೆ. ಹತ್ತನೆಯ ಸಲಕ್ಕೆ ಬಲಗೈ ಪಳಗುತ್ತದೆ. ಆಮೇಲೆ ಪೆನ್ಸಿಲನ್ನು ಎಡಗೈಗೆ ಕೊಟ್ಟರೆ, ನಡುವೆ ಯಾವ ಅಭ್ಯಾಸವೂ ಇಲ್ಲದ ಆ ಕೈಯೂ ಮೊದಲಿಗಿಂತ ಸಲೀಸಾಗಿ ಬರೆಯುತ್ತದೆ.

ಇದೇ ನಕ್ಷತ್ರ ಮನಶ್ಶಾಸ್ತ್ರದ ಚರಿತ್ರೆಯನ್ನೇ ಒಮ್ಮೆ ತಿರುಗಿಸಿತು. 1953ರ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸದಾಗಿ ಏನನ್ನೂ ನೆನಪಿಟ್ಟುಕೊಳ್ಳಲಾಗದೆ ಹೋದ, ಎಚ್.ಎಂ. ಎಂಬ ಅಕ್ಷರಗಳಿಂದಲೇ ಜಗತ್ತಿಗೆ ಪರಿಚಿತನಾದ ರೋಗಿಗೆ ಬ್ರೆಂಡಾ ಮಿಲ್ನರ್ ಮೂರು ದಿನ ಈ ನಕ್ಷತ್ರ ಬರೆಸಿದರು. ಪ್ರತಿದಿನವೂ ಅವನಿಗೆ ಇದು ಹೊಸ ಆಟ. ಹಿಂದೆ ಬರೆದ ನೆನಪೇ ಇಲ್ಲ. ಆದರೆ ತಪ್ಪುಗಳು ಮಾತ್ರ ದಿನದಿಂದ ದಿನಕ್ಕೆ ಇಳಿದವು. ಮನಸ್ಸು ಮರೆತದ್ದನ್ನು ಕೈ ಮರೆತಿರಲಿಲ್ಲ. ನೆನಪು ಒಂದೇ ಬಗೆಯದಲ್ಲ ಎಂಬ ತಿಳಿವಳಿಕೆಗೆ ದಾರಿ ತೆರೆದದ್ದು ಒಂದು ಕನ್ನಡಿ, ಒಂದು ಕಾಗದ, ಒಂದು ಪೆನ್ಸಿಲ್.

ಆನ್‌ಲೈನ್ ಪಾಠದ ಚರ್ಚೆಯನ್ನು ಈ ಕನ್ನಡಿಯಿಂದ ಶುರುಮಾಡಲು ಕಾರಣವಿದೆ. ಕನ್ನಡಿ ಚಿತ್ರಣದ ವಿಡಿಯೊ ಹುಡುಕಿದರೆ ಎಷ್ಟು ಬೇಕಾದರೂ ಸಿಗುತ್ತವೆ. ನೂರು ವಿಡಿಯೊ ನೋಡಿದರೂ ಆ ಮೂಲೆಯಲ್ಲಿ ಕೈ ಹಟ ಹಿಡಿಯುವ ಅನುಭವ ಆಗುವುದಿಲ್ಲ. ಅದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಒಂದು ಮನೆಯಲ್ಲಿ ಗಡ್ಡ ಹೆರೆಯುವ ಕನ್ನಡಿ, ಒರಗಿಸಲು ನಾಲ್ಕು ಪುಸ್ತಕ, ಮರೆಗೆ ಒಂದು ರಟ್ಟು, ಬರೆಯಲು ವಹಿಯ ಹಾಳೆ ಇದ್ದರೆ ಪ್ರಯೋಗಾಲಯ ಸಿದ್ಧ. ಕಾಲೇಜಿನಲ್ಲಿರುವುದು ಒಂದೋ ಎರಡೋ ಉಪಕರಣ, ಎದುರು ಮೂವತ್ತು ಜನರ ಸರತಿ. ಮನೆಯಲ್ಲಿ ಸರತಿಯಿಲ್ಲ. ತಂಗಿಯೇ ಪ್ರಯೋಗಕ್ಕೆ ಒಳಗಾಗುವವಳು, ಅಜ್ಜಿಯೇ ನಗುವವಳು, ಫೋನೇ ಸ್ಟಾಪ್‌ವಾಚ್. ಸಂಜೆ ಅಂಕಿಗಳನ್ನು ಕಳಿಸಿದರೆ ಮರುದಿನ ತರಗತಿಯಲ್ಲಿ ಮೂವತ್ತು ಮನೆಗಳ ದತ್ತಾಂಶ ಒಟ್ಟಿಗೆ ಹಲಗೆಯ ಮೇಲೆ ಬರುತ್ತದೆ. ಮನಶ್ಶಾಸ್ತ್ರದಲ್ಲಿ ಮಿಶ್ರ ಕಲಿಕೆ ಎಂದರೆ ಇದು. ಪಾಠವನ್ನು ಪರದೆಗೆ ಸಾಗಿಸಿ ಕೈತೊಳೆದುಕೊಳ್ಳುವುದು ಬೇರೆ.

ಮಿಶ್ರ ಕಲಿಕೆಗೆ ಇಂಗ್ಲಿಷಿನಲ್ಲಿ ಬಳಸುವ ‘ಬ್ಲೆಂಡೆಡ್’ ಎಂಬ ಪದ ಚಹಾಪುಡಿಯ ಪೊಟ್ಟಣದ ಮೇಲೂ ಇರುತ್ತದೆ. ಅಲ್ಲಿ ಯಾವ ಎಲೆ ಎಷ್ಟು ಎಂಬುದೇ ಗುಟ್ಟು. ಇಲ್ಲಿಯೂ ಅಷ್ಟೆ: ಪರದೆ ಎಷ್ಟು, ತರಗತಿ ಎಷ್ಟು ಎಂಬುದನ್ನು ಊರು ನೋಡಿಯೇ ಹೇಳಬೇಕು.

ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರಿನ ಆಸುಪಾಸು. ರೈಲಿನಲ್ಲಿ ದೇಸೂರು, ಇದಲಹೊಂಡ ದಾಟಿದರೆ ಖಾನಾಪುರ. ಮುಂದೆ ಗುಂಜಿ, ಲೋಂಡಾ. ನಕ್ಷೆಯಲ್ಲಿ ಇದು ದೂರವೇ ಅಲ್ಲ. ಆದರೆ ತಾಲ್ಲೂಕು ಖಾನಾಪುರ ಪೇಟೆಗೆ ಮುಗಿಯುವುದಿಲ್ಲ. ಪೂರ್ವಕ್ಕೆ ನಂದಗಡ, ಬೀಡಿ, ಕಕ್ಕೇರಿ, ಇಟಗಿ; ಪಶ್ಚಿಮಕ್ಕೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಭೀಮಗಡದ ಕಾಡು. ಕಾಡಂಚಿನಲ್ಲಿ ಮಳೆ ಹಿಡಿದರೆ ಹಳ್ಳ ತುಂಬಿ ದಾರಿ ಹೋಗುತ್ತದೆ, ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಟವರ್ ಹೋಗುತ್ತದೆ. ಹೊಸ ಶೈಕ್ಷಣಿಕ ವರ್ಷ ಕಣ್ಣು ಬಿಡುವುದೂ ಸರಿಯಾಗಿ ಆಗಲೇ. ದೂರದವರಿಗಾಗಿಯೇ ಆನ್‌ಲೈನ್ ಎಂದು ಹೇಳುವ ಯೋಜನೆಗಳು, ಆ ದೂರದವರಿಗೆ ನೆಟ್ ಅತ್ಯಂತ ಬೇಕಾದ ತಿಂಗಳಲ್ಲೇ ನೆಟ್ ಇರುವುದಿಲ್ಲ ಎಂಬುದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. “ಸರ, ನೆಟ್ ಹೋಗೈತ್ರಿ” ಎಂಬುದನ್ನು ನೆಪವೆಂದು ತಿಳಿದು ಹಾಜರಿ ಕಳೆಯುವ ಮೊದಲು ಒಮ್ಮೆ ಜುಲೈಯಲ್ಲಿ ಜಾಂಬೋಟಿ ರಸ್ತೆಯಲ್ಲಿ ಹೋಗಿ ಬರುವುದು ಒಳ್ಳೆಯದು.

ಇಲ್ಲಿಗೆ ಒಪ್ಪುವುದು ನೇರ ಪ್ರಸಾರದ ತರಗತಿಯಲ್ಲ, ಇಳಿಸಿಕೊಂಡು ಹೋಗುವ ಪಾಠ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ, ಹಪ್ಪಳ, ಕಾಳುಕಡಿ ಕೂಡಿಡುವ ರೂಢಿ ಈ ಸೀಮೆಗೆ ಹೊಸದಲ್ಲ. ಕಾಲೇಜಿನ ವೈಫೈಯಲ್ಲಿ ಸೋಮವಾರ ಒಂದು ವಾರದ ಧ್ವನಿಪಾಠಗಳನ್ನು ಫೋನಿಗೆ ತುಂಬಿಕೊಂಡರೆ ಮುಂದಿನ ಸೋಮವಾರದವರೆಗೆ ಟವರಿನ ಹಂಗಿಲ್ಲ. ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ದಾಖಲಿಸಿದ ಹತ್ತು ನಿಮಿಷದ ಧ್ವನಿ ಐದು ಎಂಬಿಯನ್ನೂ ಮುಟ್ಟುವುದಿಲ್ಲ. ಅಷ್ಟೇ ಹೊತ್ತಿನ ವಿಡಿಯೊ ಅದರ ಹತ್ತು ಪಟ್ಟನ್ನೂ ಸುಲಭವಾಗಿ ನುಂಗುತ್ತದೆ. ಅದೂ ಅಲ್ಲದೆ ಕಿವಿಗೆ ಕೇಳುವ ಪಾಠವನ್ನು ಬಸ್ಸಿನಲ್ಲಿ ನಿಂತುಕೊಂಡೇ ಕೇಳಬಹುದು.

ಧ್ವನಿಯ ಮೂಲಕ ಪಾಠ ಎಂದಾಗ ಮೈಸೂರಿನ ಒಬ್ಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ನೆನಪಾಗಲೇಬೇಕು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತೆಯಲ್ಲಿ 1916ರಲ್ಲೇ ವಿಭಾಗ ಆರಂಭವಾಗಿತ್ತು. ದಕ್ಷಿಣದಲ್ಲಿ ಮೈಸೂರು ಮೊದಲು. ಅದೇ ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಒಂದು ಸಣ್ಣ ಬಾನುಲಿ ಕೇಂದ್ರವನ್ನೂ ನಡೆಸತೊಡಗಿದರು. ಅದಕ್ಕಿಟ್ಟ ಹೆಸರು ‘ಆಕಾಶವಾಣಿ’. ಮುಂದೆ ಅದು ದೇಶದ ಬಾನುಲಿಗೇ ಹೆಸರಾಯಿತು. ಬಾನುಲಿ ಕೇಂದ್ರ ಕಟ್ಟಿದವರು ಎಂಬ ಬೆರಗಿನಲ್ಲಿ ಅವರು ಮನಶ್ಶಾಸ್ತ್ರದ ಮೇಷ್ಟ್ರು ಎಂಬುದು ಹಿಂದೆ ಸರಿದುಬಿಟ್ಟಿದೆ. ಮನಸ್ಸಿನ ಬಗ್ಗೆ ಓದಿದವರಿಗೆ ದೂರದ ಕಿವಿಯನ್ನು ತಲುಪುವ ಹಂಬಲ ಹುಟ್ಟಿದ್ದು ಕಾಕತಾಳೀಯ ಅನ್ನಿಸುವುದಿಲ್ಲ.

ಯಾಕೆಂದರೆ ಯಂತ್ರದ ಮೂಲಕ ಕಲಿಸುವ ವಿಚಾರವೇ ಮನಶ್ಶಾಸ್ತ್ರಜ್ಞರ ಮನೆಯ ಕೂಸು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲಿಯೇ ಒಂದು ಪೆಟ್ಟಿಗೆ ಮಾಡಿದ್ದರು: ಪ್ರಶ್ನೆ ಕಾಣುತ್ತದೆ, ಗುಂಡಿ ಒತ್ತಬೇಕು, ಉತ್ತರ ಸರಿಯಾದರೆ ಮಾತ್ರ ಮುಂದಿನ ಪ್ರಶ್ನೆ. 1953ರಲ್ಲಿ ಬಿ. ಎಫ್. ಸ್ಕಿನ್ನರ್ ಮಗಳ ಶಾಲೆಗೆ ಹೋಗಿ ಗಣಿತದ ತರಗತಿಯ ಹಿಂದಿನ ಸಾಲಿನಲ್ಲಿ ಕೂತರು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಆ ಕ್ಷಣದಲ್ಲಿ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕಿತ್ತು. ಮನೆಗೆ ಬಂದವರೇ ಕಲಿಕಾ ಯಂತ್ರ ಕಟ್ಟಲು ಕೂತರು. ಫ್ರೆಡ್ ಕೆಲ್ಲರ್ 1960ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಪಾಠವನ್ನು ಸಣ್ಣ ತುಂಡು ಮಾಡಿ, ಪ್ರತಿ ವಿದ್ಯಾರ್ಥಿಯೂ ತನ್ನ ವೇಗದಲ್ಲಿ ಓದಿ, ಒಂದು ತುಂಡಿನಲ್ಲಿ ಪಳಗಿದ ಮೇಲೆ ಇನ್ನೊಂದಕ್ಕೆ ಹೋಗುವ ಪದ್ಧತಿ. ಇಂದು ಯಾವುದೇ ಆನ್‌ಲೈನ್ ಕೋರ್ಸು ತೆರೆದರೂ ಕಾಣುವುದು ಈ ಮೂವರದೇ ನೆರಳು. ಇಷ್ಟೆಲ್ಲ ಕಂಡುಹಿಡಿದ ಶಾಸ್ತ್ರದ ತರಗತಿಯಲ್ಲಿ ಮಾತ್ರ ಇಂದಿಗೂ ‘ಬರಕೊಳ್ರಿ’ ಎಂದು ಟಿಪ್ಪಣಿ ಹೇಳಿ ಬರೆಸುವುದು ನಿಂತಿಲ್ಲ. ಮರೆವಿನ ರೇಖೆಯನ್ನು ಹಲಗೆಯ ಮೇಲೆ ಅಂದವಾಗಿ ಬಿಡಿಸಿ, ಅದರ ಕೆಳಗೇ ಮರೆತುಹೋಗುವ ಹಾಗೆ ಪಾಠ ಮಾಡುವ ವಿದ್ಯೆ ಅದು.

ಬೆಳಗಾವಿಗೆ ದೂರಪಾಠ ಹೊಸದಲ್ಲ. 1998ರಲ್ಲಿ ಇಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಉಪಗ್ರಹದ ಮೂಲಕ ಪಾಠ ಕಳಿಸಲು ಆರಿಸಲಾದ ದೇಶದ ಮೊದಲ ವಿಶ್ವವಿದ್ಯಾಲಯಗಳಲ್ಲೊಂದು. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರಿನಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಇದ್ದದ್ದು ವಿಟಿಯು. ಒಬ್ಬ ಒಳ್ಳೆಯ ಪ್ರಾಧ್ಯಾಪಕರ ಉಪನ್ಯಾಸ ಹತ್ತಾರು ಕಾಲೇಜುಗಳಲ್ಲಿ ಒಟ್ಟಿಗೆ ಮೂಡುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಅದು ಬಹುಮಟ್ಟಿಗೆ ಮೇಲಿಂದ ಕೆಳಗೆ ಸುರಿಯುವ ಮಳೆ. ಕೆಳಗಿನಿಂದ ಮೇಲಕ್ಕೆ ಪ್ರಶ್ನೆ ಏರುವುದು ಕಷ್ಟ. ಮುಂದೆ 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂತು. ಮನಶ್ಶಾಸ್ತ್ರದ ಒಳ್ಳೆಯ ಕೋರ್ಸುಗಳು ಅಲ್ಲಿವೆ. ಅವುಗಳ ಮಾತು ಹೆಚ್ಚಾಗಿ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ಬರೆಯುವ ಹುಡುಗಿ ಆ ವಿಡಿಯೊದಲ್ಲಿ ಕೇಳಿದ ‘ರೀಇನ್‌ಫೋರ್ಸ್‌ಮೆಂಟ್’ ಎಂಬ ಪದಕ್ಕೂ ಪುಸ್ತಕದಲ್ಲಿರುವ ‘ಪುನರ್ಬಲನ’ಕ್ಕೂ ನಂಟು ಬೆಸೆಯುವಷ್ಟರಲ್ಲಿ ಪಾಠ ಎರಡು ಸ್ಲೈಡು ಮುಂದೆ ಹೋಗಿರುತ್ತದೆ. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್ ಎಂದಾದರೆ ಮೂರು ಸಲ ಹೊಳೆ ದಾಟಬೇಕು.

2020ರ ಮಾರ್ಚಿನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದವು. ಆ ನವೆಂಬರಿನವರೆಗೆ ತೆರೆಯಲಿಲ್ಲ. ಸಿದ್ಧತೆ ಇದ್ದವರೂ ಇಲ್ಲದವರೂ ಒಂದೇ ದಿನ ಆನ್‌ಲೈನಿಗೆ ಬಿದ್ದರು. 2021ರಲ್ಲಿ ರಾಜ್ಯ ಸರ್ಕಾರ ಪದವಿ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ತಂದಿತು, ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕೆಲಸ ಶುರುವಾಯಿತು. ಆ ಎರಡು ವರ್ಷದ ಪಾಠಗಳನ್ನು ನೆನೆದರೆ ಹೆಚ್ಚಿನ ಅಧ್ಯಾಪಕರ ಕಣ್ಣಿಗೆ ಕಟ್ಟುವುದು ಕ್ಯಾಮೆರಾ ಆರಿಸಿದ ಕಪ್ಪು ಚೌಕಗಳ ಸಾಲು. ಅದನ್ನೇ ಆನ್‌ಲೈನ್ ಕಲಿಕೆಯೆಂದು ತಿಳಿದು ಇಡೀ ವಿಚಾರವನ್ನೇ ಕಿತ್ತೆಸೆದವರಿದ್ದಾರೆ. ಮನೆಗೆ ಬೆಂಕಿ ಬಿದ್ದಾಗ ಕಿಟಕಿಯಿಂದ ಹಾರಿದವರನ್ನು ನೋಡಿ ಕಿಟಕಿ ಇರುವುದೇ ಹಾರುವುದಕ್ಕೆ ಎಂದ ಹಾಗಾಯಿತು.

ತರಗತಿಗಿಂತ ಪರದೆ ಮೇಲೋ ಕೀಳೋ ಎಂಬ ಜಗಳಕ್ಕೆ ಅಂಕಿ ಅಂಶದ ಉತ್ತರ ಇದೆ, ಆದರೆ ಅದು ಎರಡೂ ಪಕ್ಷಗಳಿಗೆ ಪೂರ್ತಿ ರುಚಿಸುವುದಿಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಹೊರತಂದ ವಿಶ್ಲೇಷಣೆಯಲ್ಲಿ ಮಿಶ್ರ ಕಲಿಕೆಯವರು ಬರೀ ತರಗತಿಯವರಿಗಿಂತ ಸ್ವಲ್ಪ ಮುಂದಿದ್ದರು. ಜೊತೆಗೇ ವರದಿ ಇನ್ನೊಂದು ಮಾತನ್ನೂ ಹೇಳಿತು: ಮಿಶ್ರ ಕಲಿಕೆಯವರು ಹೆಚ್ಚಾಗಿ ಓದಿಗೆ ಹೆಚ್ಚು ಹೊತ್ತು ಕೊಟ್ಟಿದ್ದರು, ಅವರಿಗೆ ಹೆಚ್ಚಿನ ಸಾಮಗ್ರಿಯೂ ಇತ್ತು. ಗೆಲುವು ತಂತ್ರಜ್ಞಾನದ್ದೆಂದು ಹೇಳಲು ಆಗುವುದಿಲ್ಲ.

ಹಾಗಾದರೆ ಕಲಿಕೆ ಎಲ್ಲಿ ಕುದುರುತ್ತದೆ? ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡಬಹುದು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಕ್ಕೇ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದೆ: ಶೇ. 81ಕ್ಕೆ ಶೇ. 75. ವಾರ ಕಳೆದು ಕೇಳಿದಾಗ ತಿರುವುಮುರುವು: ಮತ್ತೆ ಓದಿದವರಲ್ಲಿ ಉಳಿದದ್ದು ಶೇ. 42, ಮುಚ್ಚಿಟ್ಟು ನೆನೆದವರಲ್ಲಿ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಉರುಹೊಡೆಯುವುದರ ಬಲವೂ ದೌರ್ಬಲ್ಯವೂ ಈ ನಾಲ್ಕು ಅಂಕಿಗಳಲ್ಲಿದೆ. ಮರುದಿನಕ್ಕೆ ಅದು ಸಾಕು, ಮರುವಾರಕ್ಕೆ ಸಾಲದು.

ಪರದೆಯ ಪಾಠಕ್ಕೆ ಇದನ್ನೇ ಹೊಂದಿಸಿದವರು ಕಾರ್ಲ್ ಸ್ಪುನಾರ್ ಮತ್ತು ಸಂಗಡಿಗರು. ಸಂಖ್ಯಾಶಾಸ್ತ್ರದ ಇಪ್ಪತ್ತೊಂದು ನಿಮಿಷದ ವಿಡಿಯೊವನ್ನು ನಾಲ್ಕು ತುಂಡು ಮಾಡಿ, ಕೆಲವರಿಗೆ ಪ್ರತಿ ತುಂಡಿನ ನಂತರ ಒಂದು ಪುಟ್ಟ ಪರೀಕ್ಷೆ ಕೊಟ್ಟರು. ‘ಈಗ ಮನಸ್ಸು ಎಲ್ಲಿದೆ?’ ಎಂದು ನಡುವೆ ಕೇಳಿದಾಗ, ಪರೀಕ್ಷೆ ಇಲ್ಲದೆ ನೋಡಿದವರಲ್ಲಿ ಶೇ. 41 ಸಲ ಮನಸ್ಸು ಬೇರೆಲ್ಲೋ ಇತ್ತು. ಪರೀಕ್ಷೆ ಇದ್ದವರಲ್ಲಿ ಶೇ. 19 ಸಲ. ವಿಡಿಯೊ ಅದೇ, ಮೇಷ್ಟ್ರು ಅವರೇ. ಬದಲಾದದ್ದು ನಡುವಿನ ಪ್ರಶ್ನೆ ಮಾತ್ರ. ಈ ಅಧ್ಯಯನ ಪ್ರಕಟವಾದ 2013ರಲ್ಲೇ ಟೆಕ್ಸಸ್ ವಿಶ್ವವಿದ್ಯಾಲಯದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಮ್ ಗಾಸ್ಲಿಂಗ್ ತಮ್ಮ ಮನಶ್ಶಾಸ್ತ್ರದ ತರಗತಿಯ ಲೆಕ್ಕವನ್ನೇ ಬಹಿರಂಗ ಮಾಡಿದರು. ಒಂಬೈನೂರು ವಿದ್ಯಾರ್ಥಿಗಳು ಪ್ರತಿ ತರಗತಿಯ ಮೊದಲಿಗೆ ತಮ್ಮ ಲ್ಯಾಪ್‌ಟಾಪಿನಲ್ಲಿ ಕಿರುಪರೀಕ್ಷೆ ಬರೆದರು. ಉತ್ತರದ ಸರಿತಪ್ಪು ಅಲ್ಲೇ ತಿಳಿಯುತ್ತಿತ್ತು. ಹಿಂದಿನ ಬಾರಿಯ ತರಗತಿಗಿಂತ ಅವರ ಫಲಿತಾಂಶ ಅರ್ಧ ಗ್ರೇಡಿನಷ್ಟು ಏರಿತು. ಅದಕ್ಕಿಂತ ದೊಡ್ಡದು ಮುಂದಿನದು: ಉಳ್ಳವರ ಮನೆಯ ಮಕ್ಕಳಿಗೂ ಅಷ್ಟು ಇಲ್ಲದವರ ಮನೆಯ ಮಕ್ಕಳಿಗೂ ನಡುವಿನ ಅಂಕಗಳ ಅಂತರ ಅರ್ಧಕ್ಕೆ ಇಳಿಯಿತು. ಹೇಗೆ ಓದಬೇಕೆಂದು ಮನೆಯಲ್ಲಿ ಹೇಳುವವರು ಇಲ್ಲದವರಿಗೆ ದಿನದ ಆ ಕಿರುಪರೀಕ್ಷೆಯೇ ಹೇಳಿಕೊಟ್ಟಿತು.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತುಂಬಿರುವ ತಾಲ್ಲೂಕಿನ ತರಗತಿಗೆ ಈ ಕೊನೆಯ ಫಲಿತಾಂಶದಷ್ಟು ಹತ್ತಿರದ್ದು ಬೇರೆ ಯಾವುದೂ ಇಲ್ಲ. ಇದಕ್ಕೆ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಕನ್ನಡದಲ್ಲಿ ಬರೆದ ಐದು ಪ್ರಶ್ನೆಯ ಗೂಗಲ್ ಫಾರ್ಮ್ ಅಣ್ಣನ ಹಳೆಯ ಫೋನಿನಲ್ಲೂ ತೆರೆಯುತ್ತದೆ. ನೆಟ್ ಇಲ್ಲದ ದಿನ ಹಲಗೆಯ ಮೇಲೆ ಐದು ಪ್ರಶ್ನೆ, ವಹಿಯ ಹಿಂದಿನ ಹಾಳೆಯಲ್ಲಿ ಐದು ಉತ್ತರ, ಪಕ್ಕದವರಿಂದಲೇ ತಿದ್ದುವಿಕೆ. ಎರಡು ಪ್ರಶ್ನೆ ನಿನ್ನೆಯ ಪಾಠದ್ದು, ಎರಡು ಹಿಂದಿನ ವಾರದ್ದು, ಒಂದು ಹಿಂದಿನ ತಿಂಗಳದ್ದು ಇರಬೇಕು. ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ವೇಗ ಅಳೆದದ್ದು ಆಗ ಕೆಲಸಕ್ಕೆ ಬರುತ್ತದೆ. ಅಂಕ ಮಾತ್ರ ಕಡಿಮೆ ಇಡಬೇಕು. ಅಂಕ ಹೆಚ್ಚಾದರೆ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನೆಗಿಂತ ಮೊದಲೇ ಬಂದಿರುತ್ತವೆ.

ಇನ್ನು ನಿಯಮದ ಮಾತು. ಯಾವುದೇ ಕೋರ್ಸಿನ ಶೇ. 40ರವರೆಗೆ ಆನ್‌ಲೈನಿನಲ್ಲಿ ಕಲಿಸಬಹುದೆಂಬ ಪರಿಕಲ್ಪನಾ ಟಿಪ್ಪಣಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಮೇ ತಿಂಗಳಲ್ಲಿ ಹೊರಡಿಸಿತು. ನಾಲ್ಕು ವರ್ಷದ ನಂತರ, 2025ರ ಆಗಸ್ಟ್‌ನಲ್ಲಿ, ಅದೇ ಯುಜಿಸಿ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಪೂರ್ಣ ಆನ್‌ಲೈನ್ ವಿಧಾನದಲ್ಲಿ ಕಲಿಸುವುದನ್ನು ಆ ಸಾಲಿನಿಂದಲೇ ನಿಲ್ಲಿಸಲು ಸೂಚಿಸಿತು. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳೊಂದಿಗೆ ಮನಶ್ಶಾಸ್ತ್ರವೂ ನಿಲ್ಲಿಸಬೇಕಾದವುಗಳ ಪಟ್ಟಿಯಲ್ಲಿ ಸೇರಿತು. ಅಂಚೆಯಲ್ಲಿ ಬಂದ ಪುಸ್ತಕ ಓದಿ ಎಂ.ಎ. ಮಾಡಿಕೊಂಡು ಮರುದಿನವೇ ಆಪ್ತಸಮಾಲೋಚಕರ ಫಲಕ ತೂಗುಹಾಕುವುದನ್ನು ಕಂಡವರಿಗೆ ಈ ಕ್ರಮದ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೆ ನಷ್ಟವೂ ಇದೆ. ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಕೆಲಸದಲ್ಲಿರುವ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಈ ಶಾಸ್ತ್ರದ ಬಳಿ ಬರಲು ಇದ್ದ ಒಂದು ಬಾಗಿಲು ಮುಚ್ಚಿತು. ಕಾಡಂಚಿನ ಊರಿನಿಂದ ದಿನಾ ಬೆಳಗಾವಿಗೆ ಬಂದುಹೋಗುವುದು ಅವರಿಗೆ ಆಗದ ಮಾತು. ಪೂರ್ಣ ಆನ್‌ಲೈನ್ ಬೇಡವೆಂದಾದ ಮೇಲೆ ಮಿಶ್ರ ಕಲಿಕೆಯ ಹೊಣೆ ಇನ್ನಷ್ಟು ಹೆಚ್ಚಿತು. ತರಗತಿಗೆ ವಾರಕ್ಕೆ ಮೂರೇ ದಿನ ಬರಬಲ್ಲವರನ್ನು ಉಳಿಸಿಕೊಳ್ಳುವ ದಾರಿ ಇನ್ನು ಅದೊಂದೇ.

ವಾರಕ್ಕೆ ಐದು ಗಂಟೆಯ ಪಾಠವಾದರೆ ಶೇ. 40 ಎಂದರೆ ಎರಡು ಗಂಟೆ. ಆ ಎರಡು ಗಂಟೆಗೆ ಮನೆಗೆ ಹೋಗಬೇಕಾದದ್ದು ಟಿಪ್ಪಣಿ ಹೇಳುವುದು, ಸಿದ್ಧಾಂತ ವಿವರಿಸುವುದು, ಹೆಸರು ಇಸವಿಗಳ ಪಟ್ಟಿ. ಕಾಲೇಜಿನಲ್ಲಿ ಉಳಿಯಬೇಕಾದದ್ದು ಪ್ರಾಯೋಗಿಕ, ಸಂದರ್ಶನ, ಅವಲೋಕನ, ವಾದ. ಈಗ ನಡೆಯುತ್ತಿರುವುದು ಎಷ್ಟೋ ಕಡೆ ಇದರ ತದ್ವಿರುದ್ಧ.

ಮನೆಗೆ ಕಳಿಸುವುದೆಂದರೆ ಓದಲು ಕಳಿಸುವುದಷ್ಟೇ ಅಲ್ಲ. ಬೆಳಗಾವಿ–ಖಾನಾಪುರದ ವಿದ್ಯಾರ್ಥಿಗಳ ಮನೆಗಳು ಮನಶ್ಶಾಸ್ತ್ರಕ್ಕೆ ಸಿಕ್ಕ ಪ್ರಯೋಗಾಲಯಗಳು. ಸ್ಟ್ರೂಪ್ ಪ್ರಯೋಗವನ್ನೇ ತೆಗೆದುಕೊಳ್ಳೋಣ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಮಾಡಿದ್ದು ಸರಳ: ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿ ಎಂದರೆ ನಾಲಗೆ ತೊಡರುತ್ತದೆ, ಯಾಕೆಂದರೆ ಬಲ್ಲ ಲಿಪಿಯನ್ನು ಓದದೆ ಇರುವುದು ಮನಸ್ಸಿಗೆ ಸಾಧ್ಯವಿಲ್ಲ. ಇದನ್ನೇ ‘ಕೆಂಪು, ಹಸಿರು, ನೀಲಿ’ ಎಂದು ಕನ್ನಡ ಲಿಪಿಯಲ್ಲೂ ‘ಲಾಲ್, ಹಿರವಾ, ನಿಳಾ’ ಎಂದು ದೇವನಾಗರಿಯಲ್ಲಿ ಮರಾಠಿಯಲ್ಲೂ ಬರೆದು, ಬಣ್ಣವನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳಿಸಿದರೆ ಏನಾಗುತ್ತದೆ? ಕನ್ನಡ ಶಾಲೆಯಲ್ಲಿ ಓದಿದ ಮರಾಠಿ ಮನೆಯ ಹುಡುಗನಿಗೆ ಯಾವ ಲಿಪಿ ಹೆಚ್ಚು ತೊಡರು? ಅಕ್ಷರ ಕಲಿಯದ ಅಜ್ಜಿಗೆ ಯಾವುದೂ ತೊಡರಬಾರದು, ತೊಡರುವುದಿಲ್ಲವೋ ನೋಡಬೇಕು. ಪಠ್ಯಪುಸ್ತಕ ಎಂದೋ ಉತ್ತರಿಸಿ ಮುಗಿಸಿದ ಪ್ರಶ್ನೆಯಂತಲ್ಲ ಇದು. ಭಾಷೆಯ ಹೆಸರಿನಲ್ಲಿ ಜಗಳ ಕಂಡ ಗಡಿಯ ನಗರದಲ್ಲಿ, ಎರಡು ಭಾಷೆ ಒಂದೇ ತಲೆಯೊಳಗೆ ಹೇಗೆ ಬಾಳುತ್ತವೆ ಎಂದು ಸ್ಟಾಪ್‌ವಾಚ್ ಹಿಡಿದು ಅಳೆಯುವ ಅವಕಾಶ.

ಮುಲ್ಲರ್–ಲೈಯರ್ ಭ್ರಮೆಯದೂ ಅದೇ ಕಥೆ. ಒಂದೇ ಉದ್ದದ ಎರಡು ಗೆರೆ. ಒಂದರ ತುದಿಯಲ್ಲಿ ಬಾಣ ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಒಂದು ಉದ್ದವಾಗಿ ಕಾಣುತ್ತದೆ. ಎಲ್ಲ ಮನುಷ್ಯರಿಗೂ ಒಂದೇ ಪ್ರಮಾಣದಲ್ಲಿ ಹೀಗೆ ಕಾಣುತ್ತದೆಯೆ? ಡಬ್ಲ್ಯು. ಎಚ್. ಆರ್. ರಿವರ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನೀಲಗಿರಿಯ ತೋಡರನ್ನು ಇಂಥ ಭ್ರಮೆಗಳಿಂದ ಪರೀಕ್ಷಿಸಿ 1905ರಲ್ಲಿ ವರದಿ ಬರೆದರು. ಮಾರ್ಷಲ್ ಸೆಗಾಲ್ ಮತ್ತು ಸಂಗಡಿಗರು 1966ರಲ್ಲಿ ಹಲವು ಸಮಾಜಗಳ ಹೋಲಿಕೆ ಮಾಡಿ, ಭ್ರಮೆಯ ಬಲ ಊರಿಂದೂರಿಗೆ ಬದಲಾಗುತ್ತದೆ ಎಂದರು. ಚೌಕಾಕಾರದ ಗೋಡೆ, ಮೂಲೆ, ಬಾಗಿಲುಗಳ ನಡುವೆ ಬೆಳೆದ ಕಣ್ಣಿಗೆ ಅದು ಹೆಚ್ಚು ಎಂಬುದು ಅವರ ಊಹೆ. ಬೆಳಗಾವಿಯ ಟಿಳಕವಾಡಿಯ ಫ್ಲ್ಯಾಟಿನ ಕಣ್ಣಿಗೂ ಭೀಮಗಡದ ಅಂಚಿನ ಹಳ್ಳಿಯ ಕಣ್ಣಿಗೂ ವ್ಯತ್ಯಾಸ ಇದೆಯೋ ಇಲ್ಲವೋ, ಒಂದು ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳೇ ನೋಡಬಹುದು. ಒಂದು ತೊಡಕಿದೆ: ಪ್ರತಿ ಫೋನಿನ ಪರದೆ ಬೇರೆ ಅಳತೆಯದು, ಹತ್ತು ಸೆಂಟಿಮೀಟರಿನ ಗೆರೆ ಎಲ್ಲದರಲ್ಲೂ ಹತ್ತೇ ಇರುವುದಿಲ್ಲ. ಅದಕ್ಕೆ ಸಂಶೋಧಕರ ಉಪಾಯ ಎಲ್ಲರ ಜೇಬಿನಲ್ಲೂ ಇದೆ. ಎಟಿಎಂ ಕಾರ್ಡು ಜಗತ್ತಿನಾದ್ಯಂತ 85.6 ಮಿಲಿಮೀಟರ್ ಅಗಲ. ಕಾರ್ಡನ್ನು ಪರದೆಗೆ ಹಿಡಿದು ಚಿತ್ರವನ್ನು ಅದಕ್ಕೆ ಹೊಂದಿಸಿದರೆ ಅಳತೆ ಸರಿಯಾಯಿತು. ಪ್ರತಿಕ್ರಿಯಾ ಕಾಲದ ಪ್ರಯೋಗಕ್ಕೆ ಮಾತ್ರ ಫೋನನ್ನು ಅಷ್ಟು ನಂಬಬಾರದು. ಬೆರಳು ಮುಟ್ಟಿದ್ದನ್ನು ಪರದೆ ದಾಖಲಿಸುವಲ್ಲೇ ಹತ್ತಾರು ಮಿಲಿಸೆಕೆಂಡು ಕಳೆದಿರುತ್ತವೆ, ಒಂದು ಫೋನಿನಂತೆ ಇನ್ನೊಂದು ಇರುವುದಿಲ್ಲ. ಈ ದೋಷವನ್ನು ಚರ್ಚಿಸುವುದೇ ಮಾಪನದ ಬಗ್ಗೆ ಒಂದು ಒಳ್ಳೆಯ ಪಾಠ. ಇಂಥ ಪ್ರಯೋಗ ಕಟ್ಟಲು ಸೈಟೂಲ್‌ಕಿಟ್, ಸೈಕೋಪೈ, ಅಂಕಿ ವಿಶ್ಲೇಷಣೆಗೆ ಜಮೋವಿ, ಜಾಸ್ಪ್ ಮೊದಲಾದ ಸಾಧನಗಳು ಪುಕ್ಕಟೆ ಸಿಗುತ್ತವೆ.

ಈ ಸೀಮೆಗೆ ಇಂಥ ಕೆಲಸದ ಪರಂಪರೆಯೂ ಇದೆ. ಬೆಳಗಾವಿ, ಧಾರವಾಡ ಎರಡೂ ಮುಂಬೈ ಪ್ರಾಂತ್ಯದಲ್ಲಿದ್ದ 1930ರ ದಶಕದಲ್ಲಿ ವಿ. ವಿ. ಕಾಮತ್ ಎಂಬ ಶಿಕ್ಷಣತಜ್ಞರು ಸ್ಟ್ಯಾನ್‌ಫೋರ್ಡ್–ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿ, ಧಾರವಾಡ ಭಾಗದ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪ್ರಮಾಣೀಕರಿಸಿದರು. ಬಿನೆ–ಕಾಮತ್ ಪರೀಕ್ಷೆ ದೇಶದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು, ಈಗಲೂ ಕೆಲವೆಡೆ ಇದೆ. ಕನ್ನಡ–ಮರಾಠಿ ಮಕ್ಕಳ ಮನಸ್ಸನ್ನು ಅಳೆಯುವ ಕೋಲನ್ನು ಹೊರಗಿನಿಂದ ತರಿಸಿದರೂ ಇಲ್ಲಿಯ ಮಕ್ಕಳ ಮೇಲೆಯೇ ಗೆರೆ ಕೊರೆಯಬೇಕೆಂದು ಅವರಿಗೆ ಹೊಳೆದಿತ್ತು. ಅದೇ ಪರೀಕ್ಷೆ ತರಗತಿಗೆ ಇನ್ನೊಂದು ಪ್ರಶ್ನೆಯನ್ನೂ ಕೊಡುತ್ತದೆ. ಬುದ್ಧಿಪರೀಕ್ಷೆಯ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರುತ್ತಿವೆಯೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ ಮೇಲೆ, ತೊಂಬತ್ತು ವರ್ಷದ ಹಿಂದಿನ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸಿ ಪ್ರಮಾಣಪತ್ರ ಕೊಡುವುದು ಎಷ್ಟು ಸರಿ?

ಆದರೆ ಇಂಥ ಪರೀಕ್ಷೆಯ ಪ್ರಶ್ನೆಗಳನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಮೊದಲೇ ನೋಡಿದ ಮಗುವಿನ ಮೇಲೆ ಆ ಪರೀಕ್ಷೆ ಕೆಲಸ ಮಾಡುವುದಿಲ್ಲ. ಒಬ್ಬರ ಅಸಡ್ಡೆಯಿಂದ ಇಡೀ ಜಿಲ್ಲೆಗೆ ಒಂದು ಸಾಧನ ಕೆಡುತ್ತದೆ. ರೋಗಿಯ ಕಥೆ, ಮನೆಯವರ ಸಂದರ್ಶನ, ಸಹಪಾಠಿಯ ಪ್ರಶ್ನಾವಳಿಯ ಅಂಕ, ಯಾವುದೂ ಗುಂಪಿಗೆ ಹೋಗಬಾರದು. ಸಣ್ಣ ಊರಿನಲ್ಲಿ ಹೆಸರು ಅಳಿಸಿದರೂ ‘ಬೀಡಿಯ ಕಡೆಯ ಮೂವತ್ತರ ಹೆಣ್ಣುಮಗಳು, ಗಂಡ ಗೋವಾದಲ್ಲಿ’ ಎಂದರೆ ಸಾಕು, ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಆಪ್ತಸಮಾಲೋಚನೆಯ ಅಭ್ಯಾಸ ಕೋಣೆಯೊಳಗೆ, ಬಾಗಿಲು ಹಾಕಿಕೊಂಡೇ ನಡೆಯಬೇಕು.

ಒಂದು ಅಭ್ಯಾಸಕ್ಕೆ ಮಾತ್ರ ಫೋನೇ ಸರಿಯಾದ ಸಲಕರಣೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿದವರ ಮುಖ ಆಚೆ ಕೂತವರಿಗೆ ಕಾಣುವುದಿಲ್ಲ. ಉಸಿರು, ತಡೆ, ಮೌನ ಇಷ್ಟರಿಂದಲೇ ಅಳೆಯಬೇಕು. ಇಬ್ಬರು ವಿದ್ಯಾರ್ಥಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ, ಒಬ್ಬರು ಒಂದು ಕಲ್ಪಿತ ಕಷ್ಟ ಹೇಳಲು, ಇನ್ನೊಬ್ಬರು ಕೇಳಲು ಬಿಟ್ಟರೆ, ಎರಡನೆಯ ನಿಮಿಷದಲ್ಲೇ ಕೇಳುವವರು ಉಪದೇಶಕ್ಕೆ ಇಳಿಯುತ್ತಾರೆ. ಉಪದೇಶ ಶುರುವಾದ ಕ್ಷಣವನ್ನು ಉಳಿದವರು ಗಡಿಯಾರ ನೋಡಿ ಬರೆದುಕೊಳ್ಳಬೇಕು.

ಕಲಿಸುವವರ ಕಲಿಕೆಯ ಬಗ್ಗೆ ಎರಡು ಮಾತು. ಸಣ್ಣ ಕಾಲೇಜುಗಳಲ್ಲಿ ಮನಶ್ಶಾಸ್ತ್ರಕ್ಕೆ ಇರುವುದು ಎಷ್ಟೋ ಸಲ ಒಬ್ಬರೇ, ಅವರೂ ಅತಿಥಿ ಉಪನ್ಯಾಸಕರು. ಸಂದೇಹ ಬಂದರೆ ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ನಡೆಸುತ್ತಿರುವ ಎಕೊ ಮಾದರಿ ಇಲ್ಲಿಗೆ ಹೊಂದುತ್ತದೆ. ದೂರದ ಊರುಗಳ ವೈದ್ಯರು, ಸಮಾಲೋಚಕರು ವಾರದಲ್ಲಿ ನಿಗದಿತ ಹೊತ್ತಿಗೆ ವಿಡಿಯೊದಲ್ಲಿ ಸೇರುತ್ತಾರೆ, ಒಬ್ಬರು ತಮ್ಮ ಎದುರಿನ ಪ್ರಕರಣವನ್ನು ಮುಂದಿಡುತ್ತಾರೆ, ತಜ್ಞರೂ ಉಳಿದವರೂ ಅದರ ಮೇಲೆ ಮಾತಾಡುತ್ತಾರೆ. ಇದರ ಮೂಲ ಸಂಜೀವ್ ಅರೋರಾ ಎಂಬ ವೈದ್ಯರು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆರಂಭಿಸಿದ ಯೋಜನೆ. ಬೆಳಗಾವಿ, ಖಾನಾಪುರ, ಧಾರವಾಡದ ಅಧ್ಯಾಪಕರು ಶನಿವಾರ ಒಂದು ತಾಸು ಹೀಗೆ ಸೇರಿ, ತರಗತಿಯಲ್ಲಿ ಸೋತ ಒಂದು ಪಾಠವನ್ನು ಮುಂದಿಟ್ಟು ಮಾತಾಡಿದರೆ ಖರ್ಚೇನೂ ಇಲ್ಲ. ಧ್ವನಿಪಾಠಗಳನ್ನೂ ಹಂಚಿಕೊಳ್ಳಬಹುದು, ಒಬ್ಬರೇ ಎಲ್ಲ ಘಟಕಗಳನ್ನು ದಾಖಲಿಸಿ ದಣಿಯಬೇಕಿಲ್ಲ.

ಮೊದಲು ಹೇಳಿದ ಮೂರು ಪ್ರಯೋಗಗಳನ್ನು, ಕನ್ನಡಿ, ಬಣ್ಣದ ಪದ, ಬಾಣದ ಗೆರೆ, ಒಂದೇ ದಾಖಲೆ ಹಾಳೆಯಲ್ಲಿ ಸೇರಿಸಿ ವಿದ್ಯಾರ್ಥಿಗಳ ಕೈಗೆ ಕೊಡಬಹುದು. ವಯಸ್ಸು, ಓದು, ಊರು, ಬಲಗೈಯೋ ಎಡಗೈಯೋ, ಸೆಕೆಂಡು, ತಪ್ಪು, ಇಷ್ಟಕ್ಕೆ ಪುಟ್ಟ ಚೌಕಗಳು ಸಾಕು. ಹಾಳೆ ಅಚ್ಚು ಹಾಕಿಸುವಾಗ ‘ಮನೆಮಾತು’ ಎಂಬ ಕಾಲಮ್ಮನ್ನು ಮಾತ್ರ ಅಗಲ ಬಿಡಬೇಕು. ಗೂಗಲ್ ಫಾರ್ಮಿನಲ್ಲಾದರೆ ಅಲ್ಲಿ ಒಂದೇ ಉತ್ತರ ಆರಿಸಿ ಎಂದು ಇಡದೆ, ಎಷ್ಟು ಬೇಕಾದರೂ ಆರಿಸಿ ಎಂದು ಇಡಬೇಕು. ಕಣಕುಂಬಿ ಕಡೆಯ ಮನೆಯಿಂದ ಬಂದ ಹಾಳೆಯಲ್ಲಿ ಅವ್ವನ ಸಂಗಡ ಕೊಂಕಣಿ, ಅಪ್ಪನ ಸಂಗಡ ಮರಾಠಿ, ಬಸ್ಸಿನಲ್ಲಿ ಕನ್ನಡ ಎಂದು ಬರೆದಿದ್ದರೆ ಅದನ್ನು ತಿದ್ದಲು ಹೋಗದೆ, ಮೂರನ್ನೂ ಬೇರೆ ಬೇರೆ ಅಂಕಿಯಾಗಿ ಜಮೋವಿಗೆ ಹಾಕಬೇಕು.